ಅವ್ವನ ಫೋನಿಗೆ ಎಷ್ಟರ ಕರೆನ್ಸಿ?

ವಿಜಯಪುರದ ಜಲನಗರದಲ್ಲಿ ಯಾವುದಾದರೂ ಮೊಬೈಲ್ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೆ ಸಾಕು, ಈ ಮಾತು ಕಿವಿಗೆ ಬೀಳುತ್ತದೆ. "ಅಣ್ಣಾ, ಅವ್ವಂದು ಕರೆನ್ಸಿ ಮುಗದೈತಿ, ಹಾಕ್ರಿ." "ಎಷ್ಟರದು ಹಾಕ್ಲಿ? ಎರಡ್ನೂರಾ ತೊಂಬತ್ತೊಂಬತ್ತು?" "ಹ್ಞೂಂ, ಅದನ್ನ ಹಾಕ್ರಿ." ಅಲ್ಲಿಗೆ ವ್ಯವಹಾರ ಮುಗಿಯಿತು. ಅವ್ವನ ಕೈಯಲ್ಲಿರುವುದು ಕೀಪ್ಯಾಡ್ ಫೋನು. 299ರ ಜೊತೆ ದಿನಾ ಬರುವ ಒಂದೋ ಒಂದೂವರೆಯೋ ಜಿಬಿ ಡೇಟಾ ದಿನಾ ರಾತ್ರಿ ಹನ್ನೆರಡಕ್ಕೆ ಹಾಗೇ ಸಾಯುತ್ತದೆ. ಇಪ್ಪತ್ತೆಂಟು ದಿನಕ್ಕೆ ಮತ್ತೆ ಅದೇ ಅಂಗಡಿ, ಅದೇ ಮಾತು.

ಅಂಗಡಿಯವನನ್ನು ಬೈಯುವಂತಿಲ್ಲ. ಹತ್ತರಲ್ಲಿ ಎಂಟು ಗಿರಾಕಿಗಳು ಕೇಳುವುದು ರೀಲ್ಸ್ ನೋಡುವ ಪ್ಯಾಕನ್ನೇ. ಅವನ ನಾಲಿಗೆಯ ತುದಿಯಲ್ಲಿರುವುದೂ ಅವೇ ನಾಲ್ಕೈದು ಸಂಖ್ಯೆ. ಫೋನಿನ ಆ್ಯಪುಗಳೂ ಅಷ್ಟೇ. ರೀಚಾರ್ಜ್ ಪುಟ ತೆರೆದರೆ ಮೇಲೆ ಕಾಣುವುದು ಡೇಟಾ ತುಂಬಿದ ಪ್ಯಾಕುಗಳು. ಬರೀ ಮಾತಿನ ಪ್ಯಾಕು ಬೇಕೆಂದರೆ ಕೆಳಗೆ ಕೆಳಗೆ ಸರಿಸುತ್ತ ಹೋಗಬೇಕು.

ಆದರೆ ಆ ಪ್ಯಾಕು ಇದೆ. ಇರಲೇಬೇಕು ಅಂತ ಕಾನೂನೇ ಹೇಳುತ್ತದೆ.

ಕಡಿಮೆ ಬಳಸುವವರು ಎಂದರೆ ಯಾರೋ ನಾಲ್ಕು ಜನ ಅಲ್ಲ. ಟಿಕೋಟಾ ಕಡೆ ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೋಗುವ ಹೆಣ್ಣುಮಗಳು, ಬಬಲೇಶ್ವರದಲ್ಲಿ ನಿವೃತ್ತರಾಗಿ ಕೂತ ಮಾಸ್ತರು, ಪುಣೆಗೆ ದುಡಿಯಲು ಹೋದ ಮಗನ ಫೋನಿಗಾಗಿ ಸಂಜೆ ಕಾಯುವ ತಾಯಿ. ಇವರು ಫೋನ್ ಮಾಡುವುದಕ್ಕಿಂತ ಬಂದ ಫೋನ್ ಎತ್ತುವುದೇ ಹೆಚ್ಚು. ಅದರ ಜೊತೆ ಗೃಹಲಕ್ಷ್ಮಿ ದುಡ್ಡು ಜಮಾ ಆದ ಮೆಸೇಜು, ಗ್ಯಾಸ್ ಸಿಲಿಂಡರ್ ತಂದವನಿಗೆ ಹೇಳಬೇಕಾದ ಕೋಡು, ಬ್ಯಾಂಕಿನ ಓಟಿಪಿ, ಆಧಾರಿನ ಓಟಿಪಿ. ಇಂಥವರಿಗೆ ಬೇಕಾಗಿರುವುದು ನಂಬರು ಜೀವಂತ ಇರುವುದು, ದಿನಕ್ಕೆ ನಾಲ್ಕು ಮಾತು. ಮಾರುಕಟ್ಟೆ ಮಾತ್ರ ಒಂದು ಕೊಡ ನೀರು ಕೇಳಿದವರ ಮನೆ ಮುಂದೆ ಟ್ಯಾಂಕರ್ ತಂದು ನಿಲ್ಲಿಸಿ ಪೂರಾ ಬಿಲ್ ಕೈಗಿಡುತ್ತಿದೆ.

ಮೊದಲು ಹೀಗಿರಲಿಲ್ಲ. ದೇಶಕ್ಕೆ ಮೊಬೈಲ್ ಬಂದದ್ದು 1995ರಲ್ಲಿ. ಆಗ ಬಂದ ಕರೆ ಎತ್ತಿದರೂ ದುಡ್ಡು ಕಡಿಯುತ್ತಿತ್ತು. ಒಳಬರುವ ಕರೆ ಪುಕ್ಕಟೆ ಆದದ್ದು 2003ರಲ್ಲಿ. ಜನ ಮಿಸ್ ಕಾಲ್ ಕೊಡುವುದನ್ನು ಕಲಿತದ್ದೂ ಆ ಕಾಲದಲ್ಲೇ. 2005ರ ಕೊನೆಗೆ, 2006ರ ಆರಂಭಕ್ಕೆ 'ಲೈಫ್‌ಟೈಮ್' ಕಾರ್ಡುಗಳು ಬಂದವು. ಒಮ್ಮೆ 999 ರೂಪಾಯಿ ಕಟ್ಟಿದರೆ ಜೀವನಪೂರ್ತಿ ಒಳಬರುವ ಕರೆ. ಆಮೇಲೆ ಹತ್ತು ರೂಪಾಯಿಯ ಟಾಪಪ್ ಹಾಕಿಸಿ ತಿಂಗಳುಗಟ್ಟಲೆ ಓಡಿಸಿದವರು ನಮ್ಮ ಕಡೆ ಮನೆಮನೆಯಲ್ಲೂ ಇದ್ದರು.

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂತು. ಅದರ ಜಾಲ 4ಜಿ ಮಾತ್ರ. ಅಲ್ಲಿ ಮಾತು ಕೂಡ ಡೇಟಾ ಆಗಿಯೇ ಹರಿಯುತ್ತದೆ. ಹಾಗಾಗಿ ಅವರು ಡೇಟಾ ಮಾರಿದರು, ಮಾತನ್ನು ಕೊಸರಾಗಿ ಕೊಟ್ಟರು. ಉಳಿದ ಕಂಪನಿಗಳೂ ಅದೇ ದಾರಿ ಹಿಡಿದವು. ನಿಮಿಷಕ್ಕೆ ಇಷ್ಟು, ಸೆಕೆಂಡಿಗೆ ಇಷ್ಟು ಎಂಬ ಲೆಕ್ಕವೇ ಮಾಯವಾಯಿತು. ಹೆಚ್ಚು ಬಳಸುವವರಿಗೆ ಅದು ಹಬ್ಬ. ಕಡಿಮೆ ಬಳಸುವವರಿಗೆ ಬಿಸಿ ತಟ್ಟಿದ್ದು 2018ರ ನವೆಂಬರಿನಲ್ಲಿ. ಒಳಬರುವ ಕರೆ ಮುಂದುವರಿಯಬೇಕಾದರೆ 28 ದಿನಕ್ಕೊಮ್ಮೆ ಕನಿಷ್ಠ 35 ರೂಪಾಯಿ ಹಾಕಿಸಿ ಎಂಬ ಮೆಸೇಜು ಬರತೊಡಗಿತು. ಲೈಫ್‌ಟೈಮ್ ಕಾರ್ಡಿನವರಿಗೂ ಬಂತು. ಜೀವನಪೂರ್ತಿ ಎಂದರೆ ಹನ್ನೆರಡು ವರ್ಷ ಎಂದು ಜನಕ್ಕೆ ಗೊತ್ತಾದದ್ದು ಆಗಲೇ.

ಆ 35 ಅಲ್ಲಿಗೇ ನಿಲ್ಲಲಿಲ್ಲ. ಏರ್‌ಟೆಲ್‌ನದೇ ಉದಾಹರಣೆ ತೆಗೆದುಕೊಳ್ಳಿ. 2019ರ ಕೊನೆಗೆ 45, 2021ರ ಜುಲೈಗೆ 79, ಅದೇ ನವೆಂಬರಿಗೆ 99. 2023ರ ಆರಂಭದಲ್ಲಿ ಕರ್ನಾಟಕಕ್ಕೂ 155 ಬಂತು, ಅದೂ 24 ದಿನಕ್ಕೆ. 2024ರ ಜುಲೈ ಏರಿಕೆಯ ನಂತರ 28 ದಿನದ ಬುಡದ ಪ್ಯಾಕು 199. ಹೆಚ್ಚು ಬಳಸುವವನ ಬಿಲ್ ಈ ಅವಧಿಯಲ್ಲಿ ಇಷ್ಟು ಪಟ್ಟು ಏರಿಲ್ಲ. ಏರಿದ್ದು ಬುಡ. ಕಂಪನಿಗಳು ಇದನ್ನು ಮುಚ್ಚಿಟ್ಟಿಲ್ಲ. ಒಬ್ಬ ಗ್ರಾಹಕನಿಂದ ತಿಂಗಳಿಗೆ ಬರುವ ಸರಾಸರಿ ಆದಾಯ ಮೊದಲು 200 ರೂಪಾಯಿ, ಆಮೇಲೆ 300 ಆಗಬೇಕು ಎಂದು ಏರ್‌ಟೆಲ್‌ನ ಸುನಿಲ್ ಮಿತ್ತಲ್ ಬಹಿರಂಗವಾಗಿಯೇ ಹೇಳಿಕೊಂಡು ಬಂದಿದ್ದಾರೆ. ಸರಾಸರಿ ಏರಿಸುವ ಸುಲಭ ದಾರಿ ಎಂದರೆ ತಳದಲ್ಲಿದ್ದವರನ್ನು ಮೇಲೆ ಎಳೆಯುವುದು.

ಟೆಲಿಕಾಂ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಕಣ್ಣು ಬಿಟ್ಟದ್ದು 2024ರ ಡಿಸೆಂಬರಿನಲ್ಲಿ. ದೇಶದಲ್ಲಿ ಇನ್ನೂ ಸುಮಾರು 15 ಕೋಟಿ ಜನ 2ಜಿ ಫೋನಿನಲ್ಲೇ ಇದ್ದಾರೆ, ಬಳಸದ ಡೇಟಾಕ್ಕೆ ಅವರೇಕೆ ದುಡ್ಡು ಕೊಡಬೇಕು ಎಂಬುದು ಅದರ ವಾದ. ಮಾತು ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಪ್ಯಾಕು ಪ್ರತಿ ಕಂಪನಿಯೂ ಕೊಡಬೇಕು ಎಂದು ನಿಯಮ ತಿದ್ದಿತು. ಇಂಥ ಪ್ಯಾಕಿನ ಗರಿಷ್ಠ ಅವಧಿ 90 ದಿನ ಇದ್ದದ್ದನ್ನು 365ಕ್ಕೆ ಏರಿಸಿತು.

ಕಂಪನಿಗಳು ಅದನ್ನು ಪಾಲಿಸಿದ ರೀತಿ ನೋಡುವಂತಿತ್ತು. 2025ರ ಜನವರಿಯಲ್ಲಿ, ಇಲ್ಲಿ ಸಿದ್ಧೇಶ್ವರ ಜಾತ್ರೆಯ ಗದ್ದಲ ಮುಗಿಯುತ್ತಿದ್ದಂತೆ, ಹೊಸ ಪ್ಯಾಕುಗಳು ಬಂದವು. ಏರ್‌ಟೆಲ್‌ನ 509ರ ಪ್ಯಾಕಿನಲ್ಲಿ 84 ದಿನ ಮಾತು, 6 ಜಿಬಿ ಡೇಟಾ ಇತ್ತು. ಡೇಟಾ ತೆಗೆದು 499 ಅಂದರು. ಆರು ಜಿಬಿಯ ಬೆಲೆ ಹತ್ತೇ ರೂಪಾಯಿ! ಗಲಾಟೆಯಾಯಿತು, ಪರಿಶೀಲಿಸುತ್ತೇವೆ ಎಂದು ಟ್ರಾಯ್ ಹೇಳಿತು. ಕೆಲವೇ ದಿನದಲ್ಲಿ 499 ಹೋಗಿ 469 ಆಯಿತು, ವರ್ಷದ ಪ್ಯಾಕು 1,959ರಿಂದ 1,849ಕ್ಕೆ ಇಳಿಯಿತು. ಜಿಯೋ 84 ದಿನದ್ದನ್ನು 458ರಿಂದ 448ಕ್ಕೆ ತಂದಿತು. ವರ್ಷದ್ದನ್ನು 1,958ರಿಂದ 1,748ಕ್ಕೆ ಇಳಿಸಿತು, ಜೊತೆಗೆ ಸದ್ದಿಲ್ಲದೆ 365 ದಿನವನ್ನು 336 ಮಾಡಿತು. 336 ಎಂದರೆ 28ರ ಹನ್ನೆರಡು ಪಟ್ಟು. ಹನ್ನೆರಡು 'ತಿಂಗಳು' ಹೌದು, ವರ್ಷ ಅಲ್ಲ. ವೊಡಾಫೋನ್ ಐಡಿಯಾದ್ದು 84 ದಿನಕ್ಕೆ 470, ವರ್ಷಕ್ಕೆ 1,849.

ಈ ಅಂಕಿಗಳು 2025ರವು. ನೀವು ಓದುವ ಹೊತ್ತಿಗೆ ಬದಲಾಗಿರಬಹುದು. ಬದಲಾಗದ ವಿಷಯ ಒಂದೇ, ಲೆಕ್ಕದ ಕ್ರಮ. ಪ್ಯಾಕಿನ ಬೆಲೆ ನೋಡಬೇಡಿ. ಬೆಲೆಯನ್ನು ದಿನದಿಂದ ಭಾಗಿಸಿ.

199 ಭಾಗಿಸು 28, ದಿನಕ್ಕೆ 7 ರೂಪಾಯಿ 10 ಪೈಸೆ. ವರ್ಷ ತುಂಬಲು ಹದಿಮೂರು ಸಲ ಹಾಕಿಸಬೇಕು, ಒಟ್ಟು 2,587 ರೂಪಾಯಿ. ಅದೇ ಕಂಪನಿಯ 469 ಭಾಗಿಸು 84, ದಿನಕ್ಕೆ 5 ರೂಪಾಯಿ 58 ಪೈಸೆ. 1,849 ಭಾಗಿಸು 365, ದಿನಕ್ಕೆ 5 ರೂಪಾಯಿ 7 ಪೈಸೆ. ಅಂದರೆ ವರ್ಷಕ್ಕೊಮ್ಮೆ ಹಾಕಿಸುವವರಿಗೆ 28 ದಿನದವರಿಗಿಂತ 738 ರೂಪಾಯಿ ಉಳಿತಾಯ. 299ರ ಪ್ಯಾಕು ಹಾಕಿಸಿಕೊಳ್ಳುವ ಅವ್ವನಿಗೆ ವರ್ಷಕ್ಕೆ ಆಗುವ ಖರ್ಚು 3,887. ಆಕೆಗೆ ಉಳಿಯುವುದು ಎರಡು ಸಾವಿರಕ್ಕೂ ಮೇಲೆ, ಗೃಹಲಕ್ಷ್ಮಿಯ ಒಂದು ಕಂತು.

ಬಿಎಸ್‌ಎನ್‌ಎಲ್ ಈ ಲೆಕ್ಕದಲ್ಲಿ ಇನ್ನೂ ಕೆಳಗಿದೆ. ಬರೀ ಮಾತಿನ 439ರ ಪ್ಯಾಕು 2025ರಲ್ಲಿ 90 ದಿನದ್ದಿತ್ತು, ದಿನಕ್ಕೆ 4 ರೂಪಾಯಿ 88 ಪೈಸೆ. ಕಡಿಮೆ ಬಳಸುವವರನ್ನೇ ಮನಸ್ಸಿನಲ್ಲಿಟ್ಟು ಮಾಡಿದಂತೆ ಕಂಡ ಪ್ಯಾಕು ಅವರ 1,198ರದು. 365 ದಿನ, ತಿಂಗಳಿಗೆ 300 ನಿಮಿಷ ಮಾತು, 3 ಜಿಬಿ ಡೇಟಾ, 30 ಎಸ್ಸೆಮ್ಮೆಸ್. ದಿನಕ್ಕೆ 3 ರೂಪಾಯಿ 28 ಪೈಸೆ ಬೀಳುತ್ತದೆ. ಮುನ್ನೂರು ನಿಮಿಷ ಎಂದರೆ ದಿನಕ್ಕೆ ಹತ್ತು ನಿಮಿಷ. ಬಂದ ಕರೆ ಇದರಲ್ಲಿ ಸೇರುವುದಿಲ್ಲ. ಮಗ ಪುಣೆಯಿಂದ ತಾನೇ ಫೋನ್ ಮಾಡುವ ಮನೆಗೆ ಇದು ಬೇಕಾದಷ್ಟಾಯಿತು. ನನ್ನ ಮಟ್ಟಿಗೆ ಎಲ್ಲ ಕಂಪನಿಗಳೂ ಇಂಥದ್ದೊಂದನ್ನು ಇಡಬೇಕಿತ್ತು. ಟ್ರಾಯ್ ಡೇಟಾ ತೆಗೆಸಿತು, ಆದರೆ ಕಂಪನಿಗಳು 'ಅನ್‌ಲಿಮಿಟೆಡ್' ಮಾತನ್ನು ತುಂಬಿ ಬೆಲೆ ಮೇಲೆಯೇ ಇಟ್ಟವು. ದಿನಕ್ಕೆ ಹತ್ತು ನಿಮಿಷ ಮಾತಾಡುವವರಿಗೆ ಅನ್‌ಲಿಮಿಟೆಡ್ ಮಾತೂ ಬಳಸದ ಸರಕೇ.

2024ರ ಜುಲೈ ಏರಿಕೆಯಾದ ಕೂಡಲೇ ಜನ ಬಿಎಸ್‌ಎನ್‌ಎಲ್ ಕಡೆ ಓಡಿದರು. ಆ ಒಂದೇ ತಿಂಗಳು ಅದಕ್ಕೆ ಸುಮಾರು 29 ಲಕ್ಷ ಗ್ರಾಹಕರು ಸೇರಿದರು. ಮುಂದೆ ಹಲವರು ವಾಪಸೂ ಹೋದರು, ಕಾರಣ ಸಿಗ್ನಲ್. 2025ರ ಸೆಪ್ಟೆಂಬರ್ 27ರಂದು ಅದರ ಸ್ವದೇಶಿ 4ಜಿ ದೇಶಾದ್ಯಂತ ಶುರುವಾಗಿದೆ, ಆದರೂ ನಿಮ್ಮ ಓಣಿಯಲ್ಲಿ ಹೇಗಿದೆ ಎಂಬುದನ್ನು ನೀವೇ ನೋಡಬೇಕು. ಜಲನಗರದಲ್ಲಿ ನಾಲ್ಕು ಕಡ್ಡಿ ತೋರಿಸುವ ಸಿಮ್ ಟಿಕೋಟಾದ ಆಚೆ ತೋಟದ ಮನೆಯಲ್ಲಿ ಒಂದೂ ತೋರಿಸದೇ ಇರಬಹುದು. ಜತ್ತ ಗಡಿಯ ಹಳ್ಳಿಗಳಲ್ಲಂತೂ ಫೋನು ಮಹಾರಾಷ್ಟ್ರದ ಟವರ್ ಹಿಡಿದು ಕೂತುಬಿಡುತ್ತದೆ. ಕಂಪನಿಗಳೆಲ್ಲ ಈಗ ತಮ್ಮ ವೆಬ್‌ಸೈಟಿನಲ್ಲಿ ಎಲ್ಲೆಲ್ಲಿ ಯಾವ ಸಿಗ್ನಲ್ ಎಂಬ ನಕ್ಷೆ ಹಾಕಬೇಕೆಂಬ ನಿಯಮವಿದೆ, ಅದನ್ನು ನೋಡಿ. ಅದಕ್ಕಿಂತ ಒಳ್ಳೆಯ ಪರೀಕ್ಷೆ ಎಂದರೆ ಆ ಕಂಪನಿಯ ಸಿಮ್ ಇರುವ ಪಕ್ಕದ ಮನೆಯವರನ್ನು ಕರೆದು, ಅವ್ವ ಫೋನ್ ಇಡುವ ಗೂಡಿನ ಹತ್ತಿರ ನಿಲ್ಲಿಸಿ ಒಂದು ಕಾಲ್ ಮಾಡಿಸುವುದು. ಸಿಗ್ನಲ್ ಸಿಗದ ಅಗ್ಗದ ಪ್ಯಾಕಿಗಿಂತ ದುಬಾರಿಯಾದದ್ದು ಇನ್ನೊಂದಿಲ್ಲ.

ಫೋನು ಯಾವುದು ಎಂಬುದೂ ಮುಖ್ಯ. ಹಳೇ 2ಜಿ ಕೀಪ್ಯಾಡ್ ಫೋನಿನಲ್ಲಿ ಜಿಯೋ ಸಿಮ್ ನಡೆಯುವುದಿಲ್ಲ, ಅವರಿಗೆ 2ಜಿ ಜಾಲವೇ ಇಲ್ಲ. ಅದಕ್ಕಾಗಿ ಅವರು 2023ರಲ್ಲಿ ಜಿಯೋಭಾರತ್ ಎಂಬ 999 ರೂಪಾಯಿಯ ಕೀಪ್ಯಾಡ್ 4ಜಿ ಫೋನ್ ತಂದರು. ಅದರ ಪ್ಯಾಕು 28 ದಿನಕ್ಕೆ 123, ಒಟ್ಟಿಗೆ ಹಾಕಿಸಿದರೆ 336 ದಿನಕ್ಕೆ 1,234. ದಿನಕ್ಕೆ 3 ರೂಪಾಯಿ 67 ಪೈಸೆ, ಅದೂ ಅನ್‌ಲಿಮಿಟೆಡ್ ಮಾತಿನ ಜೊತೆ. ಕರಾರು ಒಂದೇ, ಈ ದರ ಆ ಫೋನಿಗೆ ಮಾತ್ರ. ಸಿಮ್ ತೆಗೆದು ಮೊಮ್ಮಗನ ಫೋನಿಗೆ ಹಾಕಿದರೆ ಈ ದರ ಇಲ್ಲ. ಹಳೇ ಫೋನು ಹೇಗೂ ಸಾಯುತ್ತಿದೆ ಅನ್ನುವವರು ಇದನ್ನು ಲೆಕ್ಕ ಹಾಕಿ ನೋಡಬಹುದು.

ಇನ್ನು ಇಪ್ಪತ್ತು ರೂಪಾಯಿಯ ಸುದ್ದಿ. '20 ರೂಪಾಯಿ ಇದ್ದರೆ ಸಾಕು, ಸಿಮ್ ನಾಲ್ಕು ತಿಂಗಳು ಜೀವಂತ, ಟ್ರಾಯ್ ಹೊಸ ನಿಯಮ' ಎಂದು 2025ರ ಜನವರಿಯಲ್ಲಿ ವಾಟ್ಸಾಪಿನಲ್ಲಿ ಓಡಾಡಿತು. ನಿಯಮ ನಿಜ, ಆದರೆ ಹೊಸದಲ್ಲ, 2013ರದು. ಪೂರ್ತಿ 90 ದಿನ ಕರೆ, ಮೆಸೇಜು, ಡೇಟಾ ಯಾವುದೂ ಬಳಸದಿದ್ದರೂ ಖಾತೆಯಲ್ಲಿ 20 ರೂಪಾಯಿ ಇದ್ದರೆ ಕಂಪನಿ ಆ ನಂಬರನ್ನು ಕಿತ್ತುಹಾಕುವಂತಿಲ್ಲ. 20 ಕಡಿದುಕೊಂಡು ಇನ್ನೂ 30 ದಿನ ಇಟ್ಟುಕೊಳ್ಳಬೇಕು, ಬ್ಯಾಲೆನ್ಸ್ ಇರುವವರೆಗೆ ಹಾಗೇ ಮುಂದುವರಿಸಬೇಕು. ಬ್ಯಾಲೆನ್ಸ್ ಇಲ್ಲದೆ ನಂಬರ್ ಬಂದಾದರೂ 15 ದಿನದೊಳಗೆ 20 ರೂಪಾಯಿ ಕಟ್ಟಿ ಎಬ್ಬಿಸಬಹುದು.

ಇಲ್ಲಿ ಜನ ಎಡವುತ್ತಾರೆ. ಇದು ನಂಬರ್ ನಿಮ್ಮ ಹೆಸರಿನಲ್ಲಿ ಉಳಿಯುವ ಭರವಸೆ. ಫೋನ್ ನಡೆಯುತ್ತದೆ ಎಂಬ ಭರವಸೆ ಅಲ್ಲ. ಪ್ಯಾಕಿನ ಅವಧಿ ಮುಗಿದರೆ ಹೊರಹೋಗುವ ಕರೆ ಕೂಡಲೇ ನಿಲ್ಲುತ್ತದೆ, ಕೆಲ ದಿನದ ಮೇಲೆ ಒಳಬರುವುದೂ ನಿಲ್ಲುತ್ತದೆ. ಓಟಿಪಿ ಬೇಕಾದವರು ಇದನ್ನು ನಂಬಿ ಕೂಡುವಂತಿಲ್ಲ. ಸೌದಿಗೋ ದುಬೈಗೋ ಹೋದವರು ಊರಿನ ನಂಬರು ಕಳೆದುಕೊಳ್ಳದಿರಲು ಇದು ಉಪಯೋಗ, ಅಷ್ಟೇ. ಹಾಗೆಂದು ಹಗುರವಾಗಿ ತೆಗೆದುಕೊಳ್ಳುವ ಮಾತೂ ಅಲ್ಲ. ಬಂದಾದ ನಂಬರನ್ನು 90 ದಿನ ಕಳೆದ ಮೇಲೆ ಬೇರೆಯವರಿಗೆ ಕೊಡಬಹುದು. ಬ್ಯಾಂಕಿನಲ್ಲಿ, ಆಧಾರಿನಲ್ಲಿ ಹಳೇ ನಂಬರೇ ಇದ್ದರೆ ಓಟಿಪಿ ಹೋಗುವುದು ಅವರ ಕೈಗೆ.

ಆ ಇಪ್ಪತ್ತನ್ನು ಖಾತೆಯಲ್ಲಿ ನಿಲ್ಲಿಸುವುದಕ್ಕೂ ಒಂದು ಲೆಕ್ಕವಿದೆ. ಹತ್ತು ರೂಪಾಯಿಯ ಟಾಪಪ್ ಹಾಕಿಸಿದರೆ ಕೈಗೆ ಬರುವುದು 7 ರೂಪಾಯಿ 47 ಪೈಸೆ. ಶೇ 18 ಜಿಎಸ್‌ಟಿ ಹೋದರೆ ಉಳಿಯುವುದು 8.47, ಅದರಲ್ಲಿ ಒಂದು ರೂಪಾಯಿ ಕಂಪನಿಯ ನಿರ್ವಹಣಾ ಶುಲ್ಕ. ಎರಡು ಸಲ ಹತ್ತು ಹಾಕಿಸಿದರೆ 20 ಆಗುವುದಿಲ್ಲ, 15 ಸಹ ತುಂಬುವುದಿಲ್ಲ. ನೂರರದು ಹಾಕಿಸಿದರೆ 81.75 ಬರುತ್ತದೆ, ಶುಲ್ಕಕ್ಕೆ ಮೂರು ರೂಪಾಯಿಯ ಮಿತಿ ಇರುವುದರಿಂದ. ಸ್ಮಾರ್ಟ್‌ಫೋನ್ ಆಗಿದ್ದರೆ ಈ ಬ್ಯಾಲೆನ್ಸ್ ಸೋರದಂತೆ ಮೊಬೈಲ್ ಡೇಟಾ ಆಫ್ ಮಾಡಿಡಿ. ಬೇಕಿದ್ದರೆ 1925ಕ್ಕೆ ಫೋನ್ ಮಾಡಿ ಡೇಟಾ ಬಂದ್ ಮಾಡಿಸಬಹುದು. ಹಾಡು, ಜ್ಯೋತಿಷ್ಯ, ಕ್ರಿಕೆಟ್ ಸ್ಕೋರು ಎಂದು ಗೊತ್ತಿಲ್ಲದೆ ಬ್ಯಾಲೆನ್ಸ್ ಕಡಿಯುತ್ತಿದ್ದರೆ ಅದನ್ನು ನಿಲ್ಲಿಸುವ ನಂಬರು 155223. ದೂರು ಕೊಡುವುದು 198ಕ್ಕೆ.

ನಂಬರು ಉಳಿಸಲು ಎಲ್ಲ ಕಡೆ ಇಷ್ಟು ಪಾಡಿಲ್ಲ, ಬ್ರಿಟನ್ನಿನಲ್ಲಿರುವ ನಮ್ಮವರನ್ನು ಕೇಳಿ ನೋಡಿ. ಅಲ್ಲಿ ಗಿಫ್‌ಗ್ಯಾಫ್‌ನಂಥ ಕಂಪನಿಯ ಸಿಮ್‌ಗೆ ಒಮ್ಮೆ ದುಡ್ಡು ಹಾಕಿ ಆರು ತಿಂಗಳಿಗೊಮ್ಮೆ ಒಂದು ಕರೆ ಮಾಡಿದರೂ ನಂಬರು ನಡೆಯುತ್ತದೆ, ಬಂದ ಕರೆ ಎತ್ತಲು ತಿಂಗಳ ಬಾಡಿಗೆ ಕೇಳುವುದಿಲ್ಲ. ಅಲ್ಲಿ ನಿಮಿಷದ ದರ ನಮ್ಮದಕ್ಕಿಂತ ಎಷ್ಟೋ ಪಾಲು ದುಬಾರಿ, ನಿಜ. ಆದರೆ ಬಳಸಿದಷ್ಟಕ್ಕೆ ಕೊಡುವ ಆಯ್ಕೆಯಾದರೂ ಇದೆ. ಆ ಆಯ್ಕೆ ನಮ್ಮಲ್ಲಿಯೂ ಇತ್ತು. ಅದನ್ನು ಕಳೆದುಕೊಂಡದ್ದು ಹತ್ತು ವರ್ಷದೊಳಗೆ.

ವರ್ಷದ ಪ್ಯಾಕೇ ಅಗ್ಗ ಎಂದು ಬರೆಯುವುದು ಸುಲಭ, 1,849 ಒಮ್ಮೆಲೇ ಎಣಿಸಿ ಕೊಡುವುದು ಎಲ್ಲರಿಗೂ ಆಗುವ ಮಾತಲ್ಲ. 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಐದು ದಿನ ಬದು ಕಡಿದರೆ 1,850. ಫೋನಿಗೆ ಕೊಟ್ಟು ಒಂದು ರೂಪಾಯಿ ಉಳಿಯುತ್ತದೆ. ಆ ಹೆಣ್ಣುಮಗಳು 199 ಕೊಟ್ಟು ಹೋಗುವುದು ಲೆಕ್ಕ ಬಾರದೆ ಅಲ್ಲ, ಅವತ್ತು ಕೈಯಲ್ಲಿರುವುದು ಅಷ್ಟೇ ಎಂದು. ಇಲ್ಲದವರು ದಿನಕ್ಕೆ ಏಳು ರೂಪಾಯಿ ಕೊಡುತ್ತಾರೆ, ಇದ್ದವರು ಐದು. ಕಿರಾಣಿಯಲ್ಲಿ ಪಾವು ಎಣ್ಣೆ ಕೊಳ್ಳುವವರಿಗೂ ಇದೇ ಗತಿ. ಊರು ಬಿಟ್ಟು ದುಡಿಯುವ ಮಕ್ಕಳು ತಿಂಗಳಿಗೊಮ್ಮೆ ಆ್ಯಪಿನಲ್ಲಿ ಅವ್ವನ ನಂಬರಿಗೆ ದುಡ್ಡು ಹಾಕುವ ಬದಲು ಸಂಕ್ರಾಂತಿಗೋ ದೀಪಾವಳಿಗೋ ಒಮ್ಮೆ ವರ್ಷದ್ದು ಹಾಕಿಬಿಟ್ಟರೆ ಮಾತೇ ಬೇರೆ. ಆ್ಯಪಿನವರು ಪ್ರತಿ ಸಲ ಕಡಿಯುವ ಒಂದೆರಡು ರೂಪಾಯಿ ಶುಲ್ಕವೂ ಉಳಿಯುತ್ತದೆ. ಅಷ್ಟಾಗದಿದ್ದರೆ 84 ದಿನದಂಥದ್ದು ನಡುವಿನ ದಾರಿ. ವರ್ಷದ್ದು ಹಾಕಿಸುವ ಮುನ್ನ ಒಂದು ಯೋಚನೆ ಇರಲಿ. ನಡುವೆ ಕಂಪನಿ ಬದಲಿಸಿದರೆ ಉಳಿದ ದಿನಗಳ ದುಡ್ಡು ವಾಪಸು ಬರುವುದಿಲ್ಲ.

ಕಂಪನಿ ಬದಲಿಸುವುದೇ ಸರಿ ಎನಿಸಿದರೆ, ಪ್ಯಾಕು ಮುಗಿಯಲು ಒಂದು ವಾರ ಇರುವಾಗ ಶುರು ಮಾಡಿ. ಇಂಗ್ಲಿಷ್ ಅಕ್ಷರದಲ್ಲಿ ಪೋರ್ಟ್ ಎಂದು ಬರೆದು, ಜಾಗ ಬಿಟ್ಟು, ನಿಮ್ಮ ಹತ್ತಂಕಿಯ ನಂಬರು ಹಾಕಿ 1900ಕ್ಕೆ ಮೆಸೇಜು ಕಳಿಸಬೇಕು. ನಿಮ್ಮ ಪ್ಯಾಕಿನಲ್ಲಿ ಎಸ್ಸೆಮ್ಮೆಸ್ ಇಲ್ಲದಿದ್ದರೂ ಈ ಮೆಸೇಜು ಹೋಗಲೇಬೇಕು ಎಂದು 2021ರ ಡಿಸೆಂಬರಿನಲ್ಲಿ ಟ್ರಾಯ್ ಆದೇಶಿಸಿದೆ. ತಿರುಗಿ ಎಂಟು ಅಕ್ಷರದ ಕೋಡು ಬರುತ್ತದೆ, ಅದರ ಆಯಸ್ಸು ನಾಲ್ಕು ದಿನ. ಅಷ್ಟರೊಳಗೆ ಆಧಾರ್ ಕಾರ್ಡಿನ ಜೊತೆ ಹೊಸ ಕಂಪನಿಯ ಅಂಗಡಿಗೆ ಹೋಗಬೇಕು. ಕರ್ನಾಟಕದೊಳಗಿನ ನಂಬರು ಮೂರು ಕೆಲಸದ ದಿನದಲ್ಲಿ ಬದಲಾಗುತ್ತದೆ. ಸೊಲ್ಲಾಪುರ, ಪುಣೆಯಲ್ಲಿ ದುಡಿದು ಮಹಾರಾಷ್ಟ್ರದ ಸಿಮ್ ಹಿಡಿದು ಬಂದವರದು ಐದು ದಿನ. ಸಿಮ್ ಪಡೆದು 90 ದಿನ ಆಗಿರಬೇಕು. ಕಳೆದುಹೋದ ಸಿಮ್ ಬದಲು ಹೊಸದು ತೆಗೆಸಿದ್ದರೆ ಅಲ್ಲಿಂದ ಏಳು ದಿನ ಪೋರ್ಟ್ ಆಗುವುದಿಲ್ಲ, ಹೊಸ ಸಿಮ್ ಹಾಕಿದ ಮೊದಲ 24 ತಾಸು ಮೆಸೇಜೂ ಬರುವುದಿಲ್ಲ. ಆದ್ದರಿಂದ ಗ್ಯಾಸ್ ಬರುವ ದಿನ, ಬ್ಯಾಂಕಿನ ಕೆಲಸ ಇರುವ ದಿನ ಇದಕ್ಕೆ ಕೈ ಹಾಕಬೇಡಿ. ಹಳೇ ಸಿಮ್ ಪೂರ್ತಿ ನಿಲ್ಲುವವರೆಗೂ ಅದು ಫೋನಿನಲ್ಲೇ ಇರಲಿ.